ಮಕ್ಕಳ ಜೀವನಾಂಶಕ್ಕೆ ಕನ್ಸೆಂಟ್ ಆರ್ಡರ್: ಒಂದು ವರ್ಷ ಆದ ಮೇಲೆ ಏನಾಗುತ್ತೆ?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಡೈವೋರ್ಸ್ ಅರ್ಜಿಗೆ ಕಂಡೀಷನಲ್ ಆರ್ಡರ್, ಅಂದರೆ ಕೋರ್ಟಿನ ಮೊದಲ ಹಂತದ ಒಪ್ಪಿಗೆ ಬಂದಿದೆ. ಮಗನಿಗೆ 14, ಮಗಳಿಗೆ 10. ಇಬ್ಬರೂ ನನ್ನ ಜೊತೆ ಇರುತ್ತಾರೆ. ವಾರ ಬಿಟ್ಟು ವಾರ ಶುಕ್ರವಾರ, ಶನಿವಾರ ರಾತ್ರಿ ಅಪ್ಪನ ಮನೆ, ಶಾಲೆ ರಜೆಯಲ್ಲಿ ಅರ್ಧದಷ್ಟು ದಿನಗಳು ಅಲ್ಲೇ. ಅವರ ಸಂಬಳ ವರ್ಷಕ್ಕೆ 52,000 ಪೌಂಡ್. ತಿಂಗಳಿಗೆ 700 ಪೌಂಡ್ ಕೊಡಲು ಒಪ್ಪಿದ್ದಾರೆ. ಕನ್ಸೆಂಟ್ ಆರ್ಡರ್ ಮಾಡಿಸೋಣ ಅಂತ ಇಂಟರ್ನೆಟ್ಟಿನಲ್ಲಿ ಸಿಕ್ಕ ಮಾದರಿ ನೋಡಿ ಅವರೇ ಒಂದು ಕರಡು ಬರೆದು ಕಳಿಸಿದ್ದಾರೆ. ಜೀವನಾಂಶದ ಬಗ್ಗೆ ಅದರಲ್ಲಿ ಇರುವುದು ಮೂರೇ ಸಾಲು. ಅದರಲ್ಲೊಂದು, ನಾನು ಯಾವತ್ತೂ ಸಿಎಂಎಸ್‌ಗೆ (ಜೀವನಾಂಶ ಲೆಕ್ಕ ಹಾಕುವ ಸರ್ಕಾರದ ಏಜೆನ್ಸಿಗೆ) ಹೋಗುವುದಿಲ್ಲ ಅಂತ. ಗೆಳತಿಯೊಬ್ಬಳು ‘ಕನ್ಸೆಂಟ್ ಆರ್ಡರ್ ಒಂದು ವರ್ಷ ಮಾತ್ರ ಕಣೇ, ಸುಮ್ನೆ ದುಡ್ಡು ದಂಡ’ ಅಂದಳು. ಸಹಿ ಹಾಕಲಾ, ಬೇಡವಾ?

ಉತ್ತರ:

ನಿಮ್ಮ ಗೆಳತಿ ಹೇಳಿದ್ದು ಅರ್ಧ ನಿಜ. ಕನ್ಸೆಂಟ್ ಆರ್ಡರ್ ಮಾಡಿಸಿ, ಖಂಡಿತ ಮಾಡಿಸಿ. ಆದರೆ ಆ ಮೂರು ಸಾಲಿಗೆ ಸಹಿ ಹಾಕಬೇಡಿ.

ಮೊದಲು ಆ ಒಂದು ವರ್ಷದ ಕಥೆ ಹೇಳಿಬಿಡುತ್ತೇನೆ. ಏಕೆಂದರೆ ಬಹಳ ಜನ ಇದನ್ನು ಕೇಳಿ ‘ಆರ್ಡರೇ ರದ್ದಾಗಿಬಿಡುತ್ತಂತೆ’ ಅಂದುಕೊಂಡಿರುತ್ತಾರೆ. ಹಾಗಲ್ಲ. ಇಂಗ್ಲೆಂಡಿನಲ್ಲಿ 1991ರ ಚೈಲ್ಡ್ ಸಪೋರ್ಟ್ ಕಾಯ್ದೆ ಬಂದ ಮೇಲೆ, ಸಾಮಾನ್ಯ ಕೇಸುಗಳಲ್ಲಿ ಮಕ್ಕಳ ಜೀವನಾಂಶ ಎಷ್ಟು ಅಂತ ತೀರ್ಮಾನ ಮಾಡುವ ಕೆಲಸ ಕೋರ್ಟಿನ ಕೈಯಿಂದ ಸರ್ಕಾರದ ಏಜೆನ್ಸಿಗೆ ಹೋಯಿತು. 1993ರಲ್ಲಿ ಶುರುವಾದ ಹಳೇ ಏಜೆನ್ಸಿ ಹೋಗಿ 2012ರಿಂದ ಈಗಿನ ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್, ಅಂದರೆ ಸಿಎಂಎಸ್ ಇದೆ. ಇಬ್ಬರೂ ಜಗಳ ಆಡಿಕೊಂಡು ಜಡ್ಜ್ ಮುಂದೆ ನಿಂತು ‘ನೀವೇ ಎಷ್ಟು ಅಂತ ಹೇಳಿ’ ಅಂದರೆ ಅವರು ಹೇಳುವ ಹಾಗಿಲ್ಲ. ಆದರೆ ಕಾನೂನು ಒಂದು ಬಾಗಿಲು ತೆರೆದಿಟ್ಟಿದೆ: ತಂದೆ ತಾಯಿ ತಾವೇ ಒಪ್ಪಿ ಬರೆದುಕೊಂಡು ಬಂದರೆ, ಆ ಒಪ್ಪಂದದ ಪ್ರಕಾರವೇ ಕೋರ್ಟ್ ಆರ್ಡರ್ ಕೊಡಬಹುದು. ಕನ್ಸೆಂಟ್ ಆರ್ಡರ್ ಅಂದರೆ ಇದೇ.

ಆರ್ಡರ್ ಆದ ದಿನದಿಂದ 12 ತಿಂಗಳು ನೀವಾಗಲಿ ಅವರಾಗಲಿ ಸಿಎಂಎಸ್ ಬಾಗಿಲು ತಟ್ಟುವ ಹಾಗಿಲ್ಲ. 12 ತಿಂಗಳು ಮುಗಿದ ಮೇಲೆ ಇಬ್ಬರಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಸುಮಾರು ಎರಡು ತಿಂಗಳಿಗೆ ಸಿಎಂಎಸ್ ಲೆಕ್ಕ ಜಾರಿಗೆ ಬರುತ್ತದೆ. ಆಗ ಆರ್ಡರಿನಲ್ಲಿರುವ ಮಕ್ಕಳ ತಿಂಗಳ ದುಡ್ಡಿನ ಸಾಲು ಮಾತ್ರ ನಿಂತುಹೋಗುತ್ತದೆ. ಮನೆ, ಪೆನ್ಷನ್, ಉಳಿತಾಯ ಇವುಗಳ ಬಗ್ಗೆ ಬರೆದದ್ದಕ್ಕೆ ಏನೂ ಆಗುವುದಿಲ್ಲ. ಇನ್ನು ಯಾರೂ ಅರ್ಜಿಯನ್ನೇ ಹಾಕದಿದ್ದರೆ? ಆರ್ಡರ್ ಹಾಗೇ ಮುಂದುವರಿಯುತ್ತದೆ, ಎರಡನೇ ವರ್ಷ, ಐದನೇ ವರ್ಷವೂ. ಅವಧಿ ಮುಗಿಯಿತು ಅಂತ ಯಾರೂ ನೋಟಿಸ್ ಕಳಿಸುವುದಿಲ್ಲ.

ಹಾಗಾಗಿ ‘ನಾನು ಸಿಎಂಎಸ್‌ಗೆ ಹೋಗುವುದಿಲ್ಲ’ ಎಂಬ ಸಾಲಿಗೆ ಬೆಲೆ ಇಲ್ಲ. ಅಂಥ ಷರತ್ತು ಅನೂರ್ಜಿತ ಅಂತ ಅದೇ ಕಾಯ್ದೆಯ 9ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ನೀವು ಸಹಿ ಹಾಕಿದರೂ ಹೋಗಬಹುದು, ಅವರೂ ಹೋಗಬಹುದು. ಆ ಸಾಲು ಇದ್ದರೆ ಕಳೆದುಕೊಳ್ಳುವುದೇನಿಲ್ಲ ಅಲ್ವಾ ಅನ್ನಬಹುದು. ನನಗೆ ಅದು ಇಷ್ಟವಿಲ್ಲ. ನಾಳೆ ಅವರಿಗೆ ‘ನೀನು ಮಾತು ಕೊಟ್ಟಿದ್ದೆ’ ಅನ್ನಲು ಒಂದು ಕಾಗದ ಸಿಗುತ್ತದೆ, ಕಾನೂನಿನ ಬಲ ಇಲ್ಲದಿದ್ದರೂ ಮನಸ್ಸಿಗೆ ಕಟ್ಟು ಹಾಕುತ್ತದೆ. ತೆಗೆಸಿ.

ಈಗ ಮುಖ್ಯವಾದ ವಿಷಯ. 13ನೇ ತಿಂಗಳಿನಲ್ಲಿ ಯಾರಿಗೆ ಸಿಎಂಎಸ್‌ಗೆ ಹೋಗುವ ಆಸೆ ಬರುತ್ತೆ? ಅಲ್ಲಿ ಲೆಕ್ಕ ಹಾಕಿಸಿದರೆ ಲಾಭ ಆಗುವವರಿಗೆ. ಅಂದರೆ ಆರ್ಡರಿನ ಮೊತ್ತಕ್ಕೂ ಸಿಎಂಎಸ್ ಲೆಕ್ಕಕ್ಕೂ ಎಷ್ಟು ದೂರ ಇದೆಯೋ ಅಷ್ಟು ನಿಮ್ಮ ಆರ್ಡರ್ ಅಲುಗಾಡುತ್ತದೆ. ಆದ್ದರಿಂದ ಸಹಿಗೆ ಮುಂಚೆ ಆ ಲೆಕ್ಕ ನಾವೇ ಹಾಕಿ ನೋಡೋಣ. ಕ್ಯಾಲ್ಕುಲೇಟರ್ ತಗೊಳ್ಳಿ.

52,000 ಅಂದರೆ ವಾರಕ್ಕೆ 1,000 ಪೌಂಡ್. ತೆರಿಗೆ ಕಳೆಯುವ ಮುಂಚಿನ ಮೊತ್ತ ಇದು, ಸಿಎಂಎಸ್ ನೋಡುವುದು ಇದನ್ನೇ. ಎರಡು ಮಕ್ಕಳಿದ್ದರೆ ಮೊದಲ 800 ಪೌಂಡಿಗೆ ಶೇಕಡ 16, ಅಂದರೆ 128. ಅದರ ಮೇಲಿನ 200ಕ್ಕೆ ಶೇಕಡ 12, ಅಂದರೆ 24. ಒಟ್ಟು ವಾರಕ್ಕೆ 152. (ಒಂದೇ ಮಗುವಾದರೆ ಈ ದರ 12 ಮತ್ತು 9, ಮೂರು ಅಥವಾ ಹೆಚ್ಚು ಮಕ್ಕಳಾದರೆ 19 ಮತ್ತು 15.) ಇನ್ನು ರಾತ್ರಿಗಳ ಲೆಕ್ಕ. ವಾರ ಬಿಟ್ಟು ವಾರ ಎರಡು ರಾತ್ರಿ ಅಂದರೆ ವರ್ಷಕ್ಕೆ 52. ಅರ್ಧ ರಜೆ ಸೇರಿಸಿ, ನಡುವೆ ಎರಡು ಸಲ ಎಣಿಸಿದ ವಾರಾಂತ್ಯಗಳನ್ನು ಕಳೆದರೆ ನಿಮ್ಮದು 80, 90ರ ಆಸುಪಾಸು ಬರುತ್ತದೆ. 52ರಿಂದ 103 ರಾತ್ರಿವರೆಗೆ ಏಳನೇ ಒಂದು ಭಾಗ ಕಡಿತ. ಉಳಿಯುವುದು ವಾರಕ್ಕೆ 130 ಪೌಂಡ್ 29 ಪೆನ್ಸ್, ತಿಂಗಳಿಗೆ ಸುಮಾರು 565.

ಅವರು ಪೆನ್ಷನ್ನಿಗೆ ಸಂಬಳದ ಶೇಕಡ 5 ಕಟ್ಟುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಅದನ್ನು ಮೊದಲೇ ಕಳೆಯುತ್ತಾರೆ. ಆಗ ವಾರದ ಆದಾಯ 950 ಆಗಿ, ನಿಮಗೆ ಬರುವುದು ತಿಂಗಳಿಗೆ 542ರ ಹತ್ತಿರ.

ಅವರು ಒಪ್ಪಿರುವುದು 700. ಇವತ್ತು ಒಳ್ಳೆಯ ಮನಸ್ಸಿನಿಂದಲೇ ಒಪ್ಪಿರಬಹುದು, ಅನುಮಾನ ಬೇಡ. ಆದರೆ ವರ್ಷ ಕಳೆದ ಮೇಲೆ ಯಾರೋ ಆಫೀಸಿನಲ್ಲಿ ಊಟಕ್ಕೆ ಕೂತಾಗ ‘ಏ ನೀನ್ಯಾಕೆ ಅಷ್ಟೊಂದು ಕೊಡ್ತಿದೀಯ, ಸಿಎಂಎಸ್‌ನಲ್ಲಾದರೆ ಇಷ್ಟೇ’ ಅನ್ನುತ್ತಾರೆ. ಮಾರನೇ ದಿನವೇ ಅರ್ಜಿ. ನಾನು ಈ ಕೆಲಸದಲ್ಲಿ ಕಂಡ ಮುರಿದ ಆರ್ಡರ್‌ಗಳಲ್ಲಿ ಬಹಳಷ್ಟು ಮುರಿದದ್ದು ದೊಡ್ಡ ಜಗಳದಿಂದಲ್ಲ, ಇಂಥ ಊಟದ ಮಾತಿನಿಂದ.

ಹಾಗಂತ 700 ಬಿಟ್ಟು 565ಕ್ಕೆ ಇಳಿಯಿರಿ ಅಂತ ಹೇಳುತ್ತಿಲ್ಲ. ಆ 135 ಪೌಂಡನ್ನು ಬೇರೆ ರೂಪದಲ್ಲಿ ಬರೆಸಿ. ಹೇಗೆ ಅಂತ ಹೇಳುತ್ತೇನೆ, ಅದಕ್ಕೆ ಮುಂಚೆ ರಾತ್ರಿಗಳ ಬಗ್ಗೆ ಇನ್ನೊಂದು ಮಾತು.

103 ರಾತ್ರಿ ಇದ್ದದ್ದು 104 ಆದರೆ ಕಡಿತ ಏಳನೇ ಎರಡು ಭಾಗಕ್ಕೆ ಏರುತ್ತದೆ. 152ರಲ್ಲಿ ಉಳಿಯುವುದು 108 ಪೌಂಡ್ 57 ಪೆನ್ಸ್. ಒಂದೇ ಒಂದು ರಾತ್ರಿಗೆ ತಿಂಗಳಿಗೆ 94 ಪೌಂಡ್ ವ್ಯತ್ಯಾಸ! 156 ಮುಟ್ಟಿದರೆ ಏಳನೇ ಮೂರು ಭಾಗ, 175 ಮುಟ್ಟಿದರೆ ಅರ್ಧಕ್ಕರ್ಧ, ಜೊತೆಗೆ ಒಂದೊಂದು ಮಗುವಿಗೆ ವಾರಕ್ಕೆ 7 ಪೌಂಡ್ ಕಡಿತ. ಮಕ್ಕಳ ಮೇಲಿನ ಪ್ರೀತಿ ಇದ್ದಕ್ಕಿದ್ದಂತೆ ವಾರದ ನಡುವಿನ ಬುಧವಾರಕ್ಕೂ ವಿಸ್ತರಿಸಿದರೆ ಅದು ನಿಜವಾದ ಪ್ರೀತಿಯೂ ಆಗಿರಬಹುದು, ಬುಧವಾರಗಳು ವರ್ಷಕ್ಕೆ 52 ಇರುತ್ತವೆ ಎಂಬುದೂ ಆಗಿರಬಹುದು. ನೀವು ಮಾಡಬೇಕಾದ್ದು ಇಷ್ಟೇ: ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಮಕ್ಕಳು ಎಲ್ಲಿ ಮಲಗಿದರು ಅಂತ ದಿನಾ ಒಂದು ಗುರುತು ಹಾಕಿ. ಹಗಲು ಎಷ್ಟು ಹೊತ್ತು ಇದ್ದರು ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ, ರಾತ್ರಿ ಮಾತ್ರ.

ಸರಿ, ಆ 135 ಪೌಂಡ್. ಸಿಎಂಎಸ್ ಕೈ ಹಾಕದ ಖರ್ಚುಗಳು ಕೆಲವು ಇವೆ. ಖಾಸಗಿ ಶಾಲೆಯ ಶುಲ್ಕ ಒಂದು. ಮಗುವಿಗೆ ಅಂಗವೈಕಲ್ಯ ಇದ್ದರೆ ಅದಕ್ಕಾಗುವ ಹೆಚ್ಚಿನ ಖರ್ಚು ಇನ್ನೊಂದು. ಕೊಡುವವರ ಆದಾಯ ವಾರಕ್ಕೆ 3,000 ಪೌಂಡ್, ಅಂದರೆ ವರ್ಷಕ್ಕೆ 1,56,000 ದಾಟಿದರೆ ಆ ಮೇಲಿನ ಭಾಗಕ್ಕೆ ಕೋರ್ಟೇ ಹೆಚ್ಚುವರಿ ಆರ್ಡರ್ ಕೊಡಬಹುದು, ನಿಮಗೆ ಅದು ಅನ್ವಯಿಸುವುದಿಲ್ಲ. ನಿಮಗೆ ಬೇಕಾದ್ದು ಯೂನಿವರ್ಸಿಟಿ.

ಮಗನಿಗೆ 14. ಸಿಎಂಎಸ್ ಲೆಕ್ಕ ನಡೆಯುವುದು 16ರವರೆಗೆ, ಅಥವಾ ಎ ಲೆವೆಲ್‌ನಂಥ (ನಮ್ಮ ಪಿಯುಸಿ ಮಟ್ಟದ) ಓದು ನಡೆಯುತ್ತಿದ್ದರೆ 20 ತುಂಬುವವರೆಗೆ. ಡಿಗ್ರಿಗೆ ಸೇರಿದ ದಿನ ಅದರ ಬಾಗಿಲು ಮುಚ್ಚುತ್ತದೆ. ನಾಲ್ಕೇ ವರ್ಷ ಇದೆ ನೋಡಿ. ಕನ್ಸೆಂಟ್ ಆರ್ಡರಿನಲ್ಲಿ ‘ಮೊದಲ ಡಿಗ್ರಿ ಮುಗಿಯುವವರೆಗೆ’ ಅಂತ ಬರೆಸಬಹುದು. ಅದರಲ್ಲಿ ಅರ್ಧ ನಿಮಗೆ, ಅರ್ಧ ನೇರವಾಗಿ ಮಗನ ಖಾತೆಗೆ ಅಂತಲೂ ಬರೆಸಬಹುದು, ರೂಮು ಬಾಡಿಗೆ ಅವನೇ ಕಟ್ಟಬೇಕಲ್ಲ. ನಡುವೆ ಒಂದು ವರ್ಷ ಓದು ನಿಲ್ಲಿಸಿದರೆ ಏನು ಎಂಬುದನ್ನೂ ಈಗಲೇ ಬರೆಯಿರಿ. ಆ ಕರಡಿನಲ್ಲಿ ಇದ್ಯಾವುದೂ ಇಲ್ಲದಿದ್ದರೆ ಆಶ್ಚರ್ಯ ಇಲ್ಲ. ಇಂಟರ್ನೆಟ್ಟಿನ ಮಾದರಿಯವನಿಗೆ ನಿಮ್ಮ ಮಗನ ವಯಸ್ಸು ಗೊತ್ತಿರುವುದಿಲ್ಲ.

ಇನ್ನೊಂದು ದಾರಿ ನಿಮಗೂ ಜೀವನಾಂಶ ಇದ್ದರೆ ಮಾತ್ರ. ನಿಮ್ಮದು, ಮಕ್ಕಳದ್ದು ಸೇರಿಸಿ ಒಂದು ಒಟ್ಟು ಮೊತ್ತ ಬರೆದು, ‘ಮುಂದೆ ಸಿಎಂಎಸ್ ಎಷ್ಟು ನಿಗದಿ ಮಾಡುತ್ತದೋ ಅಷ್ಟನ್ನು ಇದರಲ್ಲಿ ಕಳೆಯುವುದು’ ಅಂತ ಸೇರಿಸುತ್ತಾರೆ. ವಕೀಲರು ಇದನ್ನು ಸೀಗಲ್ ಆರ್ಡರ್ ಅನ್ನುತ್ತಾರೆ. ಅವರು ಸಿಎಂಎಸ್‌ಗೆ ಹೋಗಿ ಮಕ್ಕಳ ಭಾಗ ಇಳಿಸಿದರೂ ಒಟ್ಟು ಮೊತ್ತ ಅಷ್ಟೇ ಇರುವುದರಿಂದ ಹೋಗಿ ಪ್ರಯೋಜನ ಇಲ್ಲ. ಜಾಣತನದ ಏರ್ಪಾಡು. ಆದರೆ ನಿಮಗೆ ನಿಜವಾಗಿ ಜೀವನಾಂಶದ ಹಕ್ಕು ಇಲ್ಲದಿದ್ದರೆ, ಸುಮ್ನೆ ಹೆಸರಿಗೆ ಒಂದು ಪೌಂಡ್ ಬರೆದು ಇದನ್ನು ಮಾಡಲು ಹೋದರೆ ನಿಲ್ಲುವುದಿಲ್ಲ. ನಿಮ್ಮ ಪತ್ರದಲ್ಲಿ ನಿಮ್ಮ ಸಂಬಳದ ವಿಷಯ ಇಲ್ಲ, ಹಾಗಾಗಿ ಇದನ್ನು ನಿಮ್ಮ ಸಾಲಿಸಿಟರ್ ಹತ್ತಿರ ಕೇಳಿ.

ಉಳಿದದ್ದು ಸಣ್ಣ ಸಣ್ಣ ಸಾಲುಗಳು, ಆದರೆ ಜಗಳ ಹುಟ್ಟುವುದು ಅಲ್ಲೇ. ‘ತಿಂಗಳಿಗೆ ಇಷ್ಟು’ ಅಂತ ಒಟ್ಟು ಮೊತ್ತ ಬರೆದರೆ ಸಾಲದು. ಒಂದೊಂದು ಮಗುವಿಗೆ ಎಷ್ಟೆಷ್ಟು ಅಂತ ಬೇರೆ ಬೇರೆ ಬರೆಯಿರಿ. ಮಗನ ಭಾಗ ಮುಗಿದ ಮೇಲೆ ಮಗಳಿಗೆ ಎಷ್ಟು ಎಂಬ ಪ್ರಶ್ನೆ ಆಗ ಏಳುವುದಿಲ್ಲ. ಯಾವ ತಾರೀಕು? ‘ತಿಂಗಳ ಮೊದಲಿಗೆ’ ಅಲ್ಲ, 1ನೇ ತಾರೀಕು, ಬ್ಯಾಂಕಿನ ಸ್ಟ್ಯಾಂಡಿಂಗ್ ಆರ್ಡರ್ ಮೂಲಕ. ಪ್ರತಿ ವರ್ಷ ಬೆಲೆ ಏರಿಕೆಗೆ ತಕ್ಕಂತೆ ಮೊತ್ತ ಏರಬೇಕು, ಯಾವ ತಿಂಗಳ ಸಿಪಿಐ (ಬೆಲೆ ಏರಿಕೆ ಸೂಚ್ಯಂಕ) ಅಂಕಿ ನೋಡಿ ಏರಿಸುವುದು ಎಂಬುದನ್ನೂ ಹಾಕಿ. 10 ವರ್ಷದ ಮಗಳಿಗೆ ಇನ್ನೂ ಎಂಟು ವರ್ಷವಾದರೂ ಬರಬೇಕಾದ ದುಡ್ಡು ಇದು, ಇವತ್ತಿನ ಮೊತ್ತ ಅವಳು 18 ತುಂಬುವ ಹೊತ್ತಿಗೂ ಅಷ್ಟೇ ಉಳಿದರೆ ಏನು ಪ್ರಯೋಜನ? ಶಾಲೆ ಪ್ರವಾಸ, ಕನ್ನಡಕ, ಹಲ್ಲಿನ ಕ್ಲಿಪ್, ಡ್ಯಾನ್ಸ್ ಕ್ಲಾಸು ಇವುಗಳಿಗೆ ‘ಅರ್ಧರ್ಧ’ ಅಂತಷ್ಟೇ ಬರೆದರೆ ಪ್ರತಿ ಸಲ ಮೆಸೇಜ್ ಯುದ್ಧ. ಎಷ್ಟು ಮೊತ್ತದ ಮೇಲಾದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು, ರಸೀದಿ ಕಳಿಸಿದ ಎಷ್ಟು ದಿನದಲ್ಲಿ ಕೊಡಬೇಕು, ಎರಡೂ ಇರಲಿ.

ಈಗ ಕೋರ್ಟಿನ ಕೆಲಸ. ಕಂಡೀಷನಲ್ ಆರ್ಡರ್ ಬಂದಿರುವುದರಿಂದ ನೀವು ಈಗಲೇ ಅರ್ಜಿ ಹಾಕಬಹುದು. ಕರಡು ಆರ್ಡರ್, ಅರ್ಜಿಯ ಫಾರ್ಮ್ ಎ, ಜೊತೆಗೆ ಇಬ್ಬರ ಹಣಕಾಸಿನ ವಿವರ ಬರೆಯುವ ಡಿ81 ಎಂಬ ಫಾರ್ಮ್. ಕೋರ್ಟ್ ಶುಲ್ಕ 60 ಪೌಂಡ್ ಆಸುಪಾಸು. ಸಾಲಿಸಿಟರ್ ಫೀಸು ಬೇರೆ, ಇಬ್ಬರೂ ಒಪ್ಪಿ ಬಂದಿರುವಾಗ ಅದನ್ನು ಒಂದು ನಿಗದಿತ ಮೊತ್ತಕ್ಕೆ ಕೇಳಿ, ಗಂಟೆ ಲೆಕ್ಕಕ್ಕೆ ಬೇಡ. ಸಾಮಾನ್ಯವಾಗಿ ನೀವು ಕೋರ್ಟಿಗೆ ಹೋಗಬೇಕಾಗಿಲ್ಲ. ಜಡ್ಜ್ ಕಾಗದ ನೋಡಿಯೇ ತೀರ್ಮಾನ ಮಾಡುತ್ತಾರೆ. ಹಾಗಂತ ಕಣ್ಣು ಮುಚ್ಚಿ ಮೊಹರು ಒತ್ತುವುದೂ ಇಲ್ಲ. 18 ತುಂಬದ ಮಕ್ಕಳ ಹಿತ ಮೊದಲು ನೋಡಬೇಕು ಅಂತ 1973ರ ಮ್ಯಾಟ್ರಿಮೋನಿಯಲ್ ಕಾಸಸ್ ಕಾಯ್ದೆಯಲ್ಲೇ ಇದೆ. ಒಬ್ಬರ ಕೈಗೆ ಮನೆ, ಉಳಿತಾಯ ಎಲ್ಲ ಹೋಗಿ ಇನ್ನೊಬ್ಬರ ಜೊತೆ ಮಕ್ಕಳು ಬಾಡಿಗೆ ಮನೆ ಹುಡುಕುವ ಹಾಗಿದ್ದರೆ ಪತ್ರ ಬರೆದು ಕೇಳುತ್ತಾರೆ, ಕೆಲವು ಸಲ ಇಬ್ಬರನ್ನೂ ಕರೆಸುತ್ತಾರೆ.

ಡಿ81 ತುಂಬುವಾಗ ಜನ ಅವಸರ ಮಾಡುತ್ತಾರೆ. ‘ಹೇಗೂ ಒಪ್ಪಿದ್ದೀವಲ್ಲ’ ಅಂತ ಅಂದಾಜಿಗೆ ಅಂಕಿ ಬರೆದುಬಿಡುತ್ತಾರೆ. ಬೇಡ. ಆದಾಯ, ಆಸ್ತಿ, ಸಾಲ, ಪೆನ್ಷನ್ ಎಲ್ಲಕ್ಕೂ ಕಾಗದ ನೋಡಿ ಬರೆಯಿರಿ. ಅವರ ಕಡೆಯದ್ದಕ್ಕೆ ಪಿ60, ಅಂದರೆ ಕಂಪನಿ ಕೊಡುವ ವರ್ಷದ ಸಂಬಳ, ತೆರಿಗೆಯ ಕಾಗದ ಕೇಳಿ. ಬೋನಸ್ ಇದ್ದರೆ ಅದರಲ್ಲಿ ಕಾಣುತ್ತದೆ, ಸಿಎಂಎಸ್ ಕೂಡ ತೆರಿಗೆ ಇಲಾಖೆಯಿಂದ ಹಿಂದಿನ ವರ್ಷದ ಅಂಕಿಯನ್ನೇ ತರಿಸಿಕೊಳ್ಳುತ್ತದೆ. ಬಾಡಿಗೆ ಮನೆ ಅಥವಾ ಷೇರಿನಿಂದ ಬರುವ ದುಡ್ಡು ಮಾತ್ರ ಸಿಎಂಎಸ್ ಲೆಕ್ಕದಲ್ಲಿ ತಾನಾಗಿ ಸೇರುವುದಿಲ್ಲ, ವರ್ಷಕ್ಕೆ 2,500 ಪೌಂಡಿನ ಮೇಲಿದ್ದರೆ ನೀವೇ ಕೇಳಿ ಸೇರಿಸಬೇಕು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೊಟ್ಟ ಎರಡು ತೀರ್ಪು ಇವೆ, ಷಾರ್ಲಂಡ್ ಮತ್ತು ಗೋಹಿಲ್. ಷಾರ್ಲಂಡ್ ಕೇಸಿನಲ್ಲಿ ಗಂಡ ತನ್ನ ಕಂಪನಿಯನ್ನು ಷೇರು ಮಾರುಕಟ್ಟೆಗೆ ತರುವ ಯೋಚನೆ ಇಲ್ಲ ಅಂದಿದ್ದರು, ತಯಾರಿ ನಡೆದೇ ಇತ್ತು. ಹೆಂಡತಿ ಒಪ್ಪಿ ಆಗಿದ್ದ ಆ ಏರ್ಪಾಡನ್ನು ಸುಪ್ರೀಂ ಕೋರ್ಟ್ ಮತ್ತೆ ತೆರೆಸಿತು. ಸುಳ್ಳು ಹೇಳಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅನ್ನುವುದು ಅದರ ಸಾರ. ಇದು ನಿಮಗೂ ಅನ್ವಯಿಸುತ್ತದೆ, ನಿಮ್ಮ ಹೆಸರಿನಲ್ಲಿ ಊರಲ್ಲಿ ಸೈಟ್ ಇದ್ದರೆ ಅದನ್ನೂ ಬರೆಯಿರಿ.

ಬರಿ ಬಾಯಿ ಮಾತಿನಲ್ಲೇ ಇರಲಿ, ಕೋರ್ಟ್ ಯಾಕೆ ಅನ್ನುವವರಿಗೆ ಒಂದು ಮಾತು. ಮನೆಯೊಳಗಿನ ಒಪ್ಪಂದ ಚೆನ್ನಾಗಿ ನಡೆಯುವವರೆಗೆ ಬಹಳ ಚೆನ್ನಾಗಿರುತ್ತದೆ. ನಿಂತ ದಿನ ಅದನ್ನು ಯಾರ ಮುಂದೆ ಹಿಡಿದರೂ ಜಾರಿ ಮಾಡಿಸಲು ಆಗುವುದಿಲ್ಲ. ಮೀಡಿಯೇಟರ್ (ಇಬ್ಬರ ನಡುವೆ ಸಂಧಾನ ಮಾಡಿಸುವವರು) ಬರೆದುಕೊಟ್ಟ ಕಾಗದವೂ ಅಷ್ಟೇ, ಅದನ್ನು ಆರ್ಡರ್ ಆಗಿ ಮಾಡಿಸಿದರೆ ಮಾತ್ರ ಬಲ. ಇನ್ನೊಂದು ವಿಷಯ, ಸಿಎಂಎಸ್ ಕೆಲಸ ಮಾಡುವುದು ಸಾಮಾನ್ಯವಾಗಿ ಇಬ್ಬರೂ ಯುಕೆಯಲ್ಲಿ ವಾಸವಿದ್ದರೆ. ನಾಳೆ ಅವರು ಕೆಲಸ ಬದಲಿಸಿ ಬೆಂಗಳೂರಿಗೋ ದುಬೈಗೋ ಹೊರಟರೆ ಸಿಎಂಎಸ್ ಕೈ ಚೆಲ್ಲುತ್ತದೆ, ಆಗ ನಿಮ್ಮ ಕೈಯಲ್ಲಿರುವುದು ಕೋರ್ಟ್ ಆರ್ಡರ್ ಒಂದೇ. ನಮ್ಮ ಜನರ ವಿಷಯದಲ್ಲಿ ಇದು ದೂರದ ಮಾತೇನಲ್ಲ ಅಲ್ವಾ?

ನಿಮ್ಮವರಿಗೆ ಹೇಳಲು ಒಂದು ಲೆಕ್ಕವನ್ನೂ ಕೊಡುತ್ತೇನೆ. ಸಿಎಂಎಸ್‌ನಲ್ಲಿ ನೇರವಾಗಿ ನಿಮ್ಮ ಖಾತೆಗೆ ಹಾಕಿದರೆ ಯಾವ ಶುಲ್ಕವೂ ಇಲ್ಲ. 20 ಪೌಂಡಿನ ಅರ್ಜಿ ಶುಲ್ಕವನ್ನೂ 2024ರ ಫೆಬ್ರವರಿಯಲ್ಲಿ ತೆಗೆದುಹಾಕಿದರು. ಆದರೆ ಕೊಡುವುದರಲ್ಲಿ ತಪ್ಪಿ, ಸಿಎಂಎಸ್ಸೇ ವಸೂಲಿ ಮಾಡುವ ಹಾಗಾದರೆ ಕೊಡುವವರ ಮೇಲೆ ಶೇಕಡ 20 ಹೆಚ್ಚು, ಪಡೆಯುವವರಿಂದ ಶೇಕಡ 4 ಕಡಿತ. 565ರ ಮೇಲೆ ಅವರು ಕೊಡಬೇಕಾದ್ದು ಸುಮಾರು 678 ಆಗುತ್ತದೆ, ನಿಮ್ಮ ಕೈಗೆ ಬರುವುದು 542. ನಡುವಿನ 136 ಮಕ್ಕಳಿಗೂ ಇಲ್ಲ, ಅವರಿಗೂ ಇಲ್ಲ. ಕಾಗದದ ಮೇಲೆ ಬರೆದು ತೋರಿಸಿ, ಮಾತಿಗಿಂತ ಬೇಗ ಅರ್ಥವಾಗುತ್ತದೆ.

ಇದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ. ಸ್ಕಾಟ್ಲೆಂಡಿನಲ್ಲಿರುವವರು ಇದನ್ನು ಓದಿ ಕರಡು ಬರೆಯಬೇಡಿ, ಅಲ್ಲಿ ಒಪ್ಪಂದವನ್ನು ನೋಂದಾಯಿಸುವ ಬೇರೆ ಪದ್ಧತಿ ಇದೆ. ಮದುವೆ ಆಗದೆ ಮಕ್ಕಳಿರುವವರಿಗೂ ಕನ್ಸೆಂಟ್ ಆರ್ಡರ್ ಸಿಗುತ್ತದೆ, 1989ರ ಚಿಲ್ಡ್ರನ್ ಕಾಯ್ದೆಯ ಕೆಳಗೆ.

ಕೊನೆಗೆ, ಆರ್ಡರ್ ಆಗಿ ದುಡ್ಡು ಬರುವುದು ನಿಂತರೆ ಏನು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆಲಸ ಹೋಗಿದ್ದರೆ ಅವರು ಆರ್ಡರ್ ಬದಲಿಸಲು ಕೋರ್ಟಿಗೆ ಹೋಗಬೇಕು, ತಾವಾಗಿ ಕಡಿಮೆ ಮಾಡುವ ಹಾಗಿಲ್ಲ. ಸುಮ್ನೆ ನಿಲ್ಲಿಸಿದರೆ ನೀವು ಫ್ಯಾಮಿಲಿ ಕೋರ್ಟಿಗೆ ಡಿ50ಕೆ ಫಾರ್ಮ್ ಹಾಕಿ, ಸಂಬಳದಿಂದ ನೇರವಾಗಿ ಕಡಿತ ಮಾಡಿಸುವ ಆರ್ಡರ್ ಕೇಳಬಹುದು. ‘ಪಾಪ, ಮುಂದಿನ ತಿಂಗಳು ಕೊಡ್ತಾರೇನೋ’ ಅಂತ ಕಾಯುತ್ತಾ ಕೂರಬೇಡಿ. 12 ತಿಂಗಳಿಗಿಂತ ಹಳೆಯ ಬಾಕಿಯನ್ನು ವಸೂಲಿ ಮಾಡಲು ಕೋರ್ಟಿನ ಅನುಮತಿ ಬೇಕು, ಅದು ಸುಲಭಕ್ಕೆ ಸಿಗುವುದಿಲ್ಲ. ಎರಡನೇ ತಿಂಗಳು ತಪ್ಪಿದ ದಿನವೇ ಒಂದು ಇಮೇಲ್ ಹಾಕಿ, ಮೂರನೇ ತಿಂಗಳಿಗೆ ಫಾರ್ಮ್ ತುಂಬಿ.